ಮನೆಮಾತಿನಲ್ಲಿ ಪ್ರಾರ್ಥನೆ: ಹೊಸದಾಗಿ ಕಲಿಯುವವರಿಗೆ

ಬೀದರ್ ಕಡೆಯ ಹಳ್ಳಿಗಳಲ್ಲಿ ಮನೆ ಪ್ರಾರ್ಥನೆ ನಡೆಯುವಾಗ ಹಿರಿಯರು ಯಾರ ಕಡೆಗಾದರೂ ತಿರುಗಿ "ಈಗ ನೀವೊಂದು ಪ್ರಾರ್ಥನಾ ಮಾಡ್ರಿ" ಎಂದರೆ ಸಾಕು, ಎಷ್ಟೋ ಮಂದಿ ತಲೆ ತಗ್ಗಿಸಿಬಿಡುತ್ತಾರೆ. ಅವರಲ್ಲಿ ಭಕ್ತಿಗೆ ಕೊರತೆಯಿರುವುದಿಲ್ಲ. ಐತವಾರದ ಆರಾಧನೆಯಲ್ಲಿ ಪಾಸ್ಟರರ ಬಾಯಿಂದ ಕೇಳುವ ಹಳೆಯ ಬೈಬಲ್ಲಿನ ಗ್ರಾಂಥಿಕ ಕನ್ನಡವೇ ದೇವರಿಗೆ ಸಲ್ಲುವ ಭಾಷೆಯೆಂದೂ, ಅದು ತಮ್ಮ ನಾಲಿಗೆಗೆ ಒಗ್ಗದೆಂದೂ ಅವರು ತಿಳಿದಿರುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ತಿಳಿದು, ಇಂಥ ಕೂಟಗಳಲ್ಲಿ ಗೋಡೆಗೆ ಒರಗಿ ಹಿಂದೆ ಕುಳಿತಿರುತ್ತಿದ್ದೆ.

ಪ್ರಾರ್ಥನೆ ಬರುವುದಿಲ್ಲವೆಂದು ನಾಚಬೇಕಾಗಿಲ್ಲ. ಯೇಸುವಿನ ಜೊತೆಯಲ್ಲೇ ತಿರುಗಾಡಿದ ಶಿಷ್ಯರು ಕೂಡ ತಮಗೆ ಪ್ರಾರ್ಥಿಸುವುದನ್ನು ಕಲಿಸಬೇಕೆಂದು ಕೇಳಿಕೊಂಡರೆಂದು ಲೂಕನ ಸುವಾರ್ತೆಯ 11ನೇ ಅಧ್ಯಾಯ ಹೇಳುತ್ತದೆ. ಅವರಿಗೆ ಸಿಕ್ಕ ಉತ್ತರವೇ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಆರಂಭವಾಗುವ ಕರ್ತನ ಪ್ರಾರ್ಥನೆ. ಮತ್ತಾಯನ ಸುವಾರ್ತೆಯಲ್ಲಿ (6:9–13) ಅದು ಐದೇ ವಚನಗಳಷ್ಟಿದೆ. ಹೊಸಬರು ಮೊದಲು ಇದನ್ನು ಬಾಯಿಪಾಠ ಮಾಡಲಿ, ಆದರೆ ಒಂದೇ ಉಸಿರಿನಲ್ಲಿ ಒಪ್ಪಿಸದೆ ಒಂದೊಂದು ಬೇಡಿಕೆಯ ಬಳಿಯೂ ನಿಂತು, ಅದಕ್ಕೆ ತಮ್ಮ ಆ ದಿನದ ಸಂಗತಿಯನ್ನು ಸೇರಿಸಲಿ. ಅನುದಿನದ ಆಹಾರದ ಮಾತು ಬಂದಾಗ, ಹೊಲದಲ್ಲಿ ತೊಗರಿಗೆ ನೆಟೆ ರೋಗ ತಗುಲಿದ್ದರೆ ಅದನ್ನೇ ಹೇಳಬಹುದು. ಕೂಲಿ ಸಿಗದ ವಾರವಾಗಿದ್ದರೆ ಅದನ್ನು ಹೇಳಬಹುದು. ಕ್ಷಮೆಯ ಬೇಡಿಕೆಯ ಬಳಿ ಮಾತ್ರ ತುಸು ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ, ಏಕೆಂದರೆ ಇಡೀ ಪ್ರಾರ್ಥನೆಯಲ್ಲಿ ನಾವೂ ಏನನ್ನೋ, ಅಂದರೆ ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವುದನ್ನು, ಮಾಡಿರಬೇಕೆಂದು ಕೇಳುವ ಬೇಡಿಕೆ ಅದೊಂದೇ. ಬದುವಿನ ಜಗಳದಲ್ಲಿ ಮಾತು ಬಿಟ್ಟ ದಾಯಾದಿಯ ಮುಖ ಅಲ್ಲಿ ನೆನಪಾಗದಿದ್ದರೆ ಬಾಯಿ ಮಾತ್ರ ಆಡಿದೆ ಎಂದರ್ಥ. ಕೊನೆಯಲ್ಲಿ "ರಾಜ್ಯವೂ ಬಲವೂ ಮಹಿಮೆಯೂ" ಎಂಬ ಸಾಲನ್ನು ಮೆಥೊಡಿಸ್ಟ್ ಸಭೆಯವರು ಕೂಡಿಸಿ ಹೇಳುತ್ತಾರೆ, ಕಥೋಲಿಕರು ಅದಕ್ಕೂ ಮುಂಚೆಯೇ ನಿಲ್ಲಿಸುತ್ತಾರೆ. ನೆಂಟರ ಚರ್ಚಿಗೆ ಹೋದಾಗ ತಬ್ಬಿಬ್ಬಾಗಬಾರದೆಂದು ಇದನ್ನು ಹೇಳಿದೆ.

ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಬೇಕೆಂದು ಯೇಸು ಹೇಳಿದ್ದಾನೆ, ನಿಜ. ಎರಡೇ ಕೋಣೆಗಳಲ್ಲಿ ಆರು ಮಂದಿ ಮಲಗುವ ಮನೆಯಲ್ಲಿ ಅಂಥ ಬಾಗಿಲು ಎಲ್ಲಿಂದ ಬರಬೇಕು? ಆತನೇ ಇನ್ನೂ ಕತ್ತಲಿರುವಾಗ ಎದ್ದು ನಿರ್ಜನ ಸ್ಥಳಕ್ಕೆ ಹೋಗಿದ್ದನೆಂದು ಮಾರ್ಕನು ಬರೆದಿದ್ದಾನೆ. ನಮ್ಮಲ್ಲಿ ಆ ಕೆಲಸಕ್ಕೆ ಮಾಳಿಗೆ ಇದೆ. ಕಲಬುರಗಿಯ ಬೇಸಿಗೆಯಲ್ಲಿ ಹೇಗೂ ಅಲ್ಲಿಯೇ ಮಲಗಿರುವವರು ಬಿಸಿಲೇರುವ ಮೊದಲು ಹಾಸಿಗೆ ಸುತ್ತಿಟ್ಟು ಐದು ನಿಮಿಷ ಕುಳಿತರೆ ಆರಂಭಕ್ಕೆ ಅಷ್ಟು ಸಾಕು. ಮೊದಲ ದಿನವೇ ಒಂದು ತಾಸಿನ ಹರಕೆ ಹೊತ್ತವರು ವಾರದೊಳಗೆ ಬಿಟ್ಟುಬಿಟ್ಟದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಅದಕ್ಕಿಂತಲೂ ಗಟ್ಟಿಯಾದ ದಾರಿಯೆಂದರೆ ಪ್ರಾರ್ಥನೆಯನ್ನು ದಿನವೂ ತಪ್ಪದೆ ಮಾಡುವ ಯಾವುದಾದರೂ ಕೆಲಸಕ್ಕೆ ಕಟ್ಟಿಹಾಕುವುದು. ನಮ್ಮವ್ವ ಬೆಳಿಗ್ಗೆ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುವಾಗ ರೊಟ್ಟಿಗೊಂದರಂತೆ ಹೆಸರು ಹಿಡಿಯುತ್ತಿದ್ದಳು. ಹಿಟ್ಟಿನ ಉಂಡೆ ಕೈಗೆ ಬಂದಾಗ ಹೆಸರು, ಬಡಿಯುತ್ತ ಬಡಿಯುತ್ತ ಆ ಮನುಷ್ಯನ ಕಷ್ಟ, ಹಂಚಿನ ಮೇಲೆ ರೊಟ್ಟಿಗೆ ನೀರು ಸವರುವಾಗ ಒಂದು "ಸ್ತೋತ್ರ". ಹೊಲಕ್ಕೆ ಬುತ್ತಿ ಕಟ್ಟುವ ದಿನ ರೊಟ್ಟಿ ಹೆಚ್ಚು, ಹೀಗಾಗಿ ಅಂದು ದೂರದ ನೆಂಟರಿಗೂ ಪಾಳಿ ಬರುತ್ತಿತ್ತು.

ದಿನದ ನಡುವೆ ಒಂದೇ ಸಾಲಿನ ಪ್ರಾರ್ಥನೆಗೂ ಬೆಲೆಯಿದೆ. ಅರಸನ ಮುಂದೆ ನಿಂತ ನೆಹೆಮೀಯನು ಅರಸನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವಿನ ಕ್ಷಣದಲ್ಲೇ ದೇವರನ್ನು ಪ್ರಾರ್ಥಿಸಿದನು (ನೆಹೆಮೀಯ 2:4). ಹುಮನಾಬಾದಿನಲ್ಲಿ ಬಸ್ಸಿಗೆ ಕಾಯುವವರಿಗೆ, ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಸಾಲಿನಲ್ಲಿ ನಿಂತವರಿಗೆ ಸಿಗುವ ಬಿಡುವು ಅವನಿಗೆ ಸಿಕ್ಕದ್ದಕ್ಕಿಂತ ಹೆಚ್ಚೇ. ಜಪಮಾಲೆ ಹಿಡಿಯುವ ಕಥೋಲಿಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಭಾಷೆಯ ವಿಷಯ. "ಕೃಪಾಸಾಗರನಾದ ಕರ್ತನೇ" ಎಂದು ಆರಂಭಿಸಿ ಮುಂದೆ ದಾರಿ ಕಾಣದೆ ನಿಲ್ಲುವುದಕ್ಕಿಂತ, "ಯಪ್ಪಾ ದೇವ್ರೇ, ನಾಳಿ ಮಗಳ ಫೀಸ್ ಕಟ್ಟೋದದ, ಕೈಯಾಗ ರೊಕ್ಕ ಇಲ್ಲ, ಏನರ ದಾರಿ ತೋರ್ಸು" ಎನ್ನುವುದು ಎಷ್ಟೋ ಮೇಲು. ಯೇಸು ತಂದೆಯನ್ನು ಕರೆದ "ಅಬ್ಬಾ" ಎಂಬುದು ಕೂಡ ಆತನ ಮನೆಮಾತಾದ ಅರಾಮಿಕ್ ಪದವೇ. ದೇವರೊಡನೆ ಆಡುಮಾತಿನಲ್ಲಿ ಮಾತನಾಡಬಹುದೆಂಬುದನ್ನು 12ನೇ ಶತಮಾನದಲ್ಲಿ ಕಲ್ಯಾಣದ ವಚನಕಾರರು ತೋರಿಸಿಕೊಟ್ಟ ನೆಲದಲ್ಲಿ ಹುಟ್ಟಿದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸ್ವಂತ ಮಾತು ಬತ್ತಿಹೋದ ದಿನಗಳಿಗಾಗಿ ಬೈಬಲ್ಲಿನಲ್ಲಿ 150 ಕೀರ್ತನೆಗಳಿವೆ. ಬೇಡಿದ್ದು ಸಿಗದೆ ಮನಸ್ಸು ಕಹಿಯಾದಾಗ 13ನೆಯದನ್ನು ಗಟ್ಟಿಯಾಗಿ ಓದಬೇಕು. ಅದರ ಮೊದಲೆರಡು ವಚನಗಳಲ್ಲೇ "ಎಷ್ಟರ ತನಕ" ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. 88ನೆಯದಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಸಮಾಧಾನದ ಸಾಲೊಂದೂ ಕೊನೆಗೆ ಬರುವುದಿಲ್ಲ. ರೋಗ ವಾಸಿಯಾಗದವರಿಗೆ "ನಿಮ್ಮ ನಂಬಿಕೆ ಕಡಿಮೆ" ಎನ್ನುವವರು ಶಿಲುಬೆಗೇರುವ ಹಿಂದಿನ ರಾತ್ರಿಯ ಗೆತ್ಸೆಮನೆ ತೋಟದ ಪ್ರಾರ್ಥನೆಯನ್ನು ಇನ್ನೊಮ್ಮೆ ಓದುವುದು ಒಳ್ಳೆಯದು: ಅಲ್ಲಿ ಬೇಡಿದವನು ಯೇಸುವೇ, ತೊಲಗಿಸೆಂದು ಬೇಡಿದ ಕಷ್ಟದ ಪಾತ್ರೆಯಂತೂ ತೊಲಗಲಿಲ್ಲ. ಪ್ರಾರ್ಥಿಸುತ್ತಿದ್ದೇವೆಂದು ಡಾಕ್ಟರು ಕೊಟ್ಟ ಔಷಧಿಯನ್ನು ಬಿಡಲೂಬಾರದು.

ಕೂಟದಲ್ಲಿ ಗಟ್ಟಿಯಾಗಿ ಪ್ರಾರ್ಥಿಸುವ ಪಾಳಿ ಮೊದಲ ಸಲ ಬಂದಾಗ ಒಂದು ಕೃತಜ್ಞತೆ, ಒಂದು ಬೇಡಿಕೆ, ಎರಡೇ ವಾಕ್ಯ ಸಾಕು. ಆ ಬಳಿಕ "ಯೇಸುವಿನ ಹೆಸರಿನಲ್ಲಿ ಬೇಡುತ್ತೇನೆ, ತಂದೆಯೇ" ಎಂದು ನಿಲ್ಲಿಸಿರಿ. "ಆಮೆನ್" ಎಂಬುದನ್ನು ಕುಳಿತವರೆಲ್ಲ ನಿಮ್ಮೊಡನೆ ಹೇಳುತ್ತಾರೆ, ಮಕ್ಕಳಂತೂ ಎಲ್ಲರಿಗಿಂತ ಗಟ್ಟಿಯಾಗಿ, ಏಕೆಂದರೆ ಅದಾದ ಮೇಲೆ ಚಹಾ ಬರುತ್ತದೆಂದು ಅವರಿಗೆ ಗೊತ್ತು.