ಕೊಟ್ಟ ಪ್ರಿಂಟ್ ಎಲ್ಲಿ ನಿಂತಿತು? ಲಿನಕ್ಸ್, ಪ್ರಿಂಟ್ ಸರ್ವರ್ ಮತ್ತು ಬಾರದ ಕಾಗದ

ಪ್ರಿಂಟ್ ಬರಲಿಲ್ಲ ಅಂದ ಕೂಡಲೇ ಡ್ರೈವರ್ ತೆಗೆದು ಮತ್ತೆ ಹಾಕಲು ಕೂರಬೇಡಿ. ನಿನ್ನೆಯವರೆಗೆ ಸರಿಯಾಗಿ ಬರುತ್ತಿದ್ದರೆ ಡ್ರೈವರ್ ತಾನಾಗಿ ಕೆಟ್ಟಿರುವುದು ಅಪರೂಪ. ಕೆಲಸ ನಿಲ್ಲುವುದು ನಾಲ್ಕೇ ಕಡೆ: ಲಿನಕ್ಸ್‌ನ ಕ್ಯೂ (ಕೊಟ್ಟ ಪ್ರಿಂಟ್‌ಗಳು ಸರದಿ ಕಾಯುವ ಸಾಲು), ನೆಟ್‌ವರ್ಕ್, ಪ್ರಿಂಟ್ ಸರ್ವರ್ ಡಬ್ಬಿ (ಪ್ರಿಂಟರನ್ನು ನೆಟ್‌ವರ್ಕ್‌ಗೆ ಸೇರಿಸುವ ಸಣ್ಣ ಪೆಟ್ಟಿಗೆ), ಪ್ರಿಂಟರ್. ಯಾವ ಕಡೆ ಅಂತ ಮೊದಲು ಗೊತ್ತುಮಾಡಿಕೊಳ್ಳಿ. ಇಲ್ಲಿ ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ.

ಟರ್ಮಿನಲ್‌ನಲ್ಲಿ ‘ಎಲ್‌ಪಿಸ್ಟ್ಯಾಟ್ -ಟಿ’ ಕೊಡಿ. ಪ್ರಿಂಟರ್ ಹೆಸರಿನ ಮುಂದೆ ‘ಡಿಸೇಬಲ್ಡ್’ ಅಂತ ಬಂದರೆ ಕ್ಯೂ ನಿಂತಿದೆ. ಕಾರಣ ಸಾಮಾನ್ಯವಾಗಿ ಅದರ ಕೆಳಗಿನ ಸಾಲಲ್ಲೇ ಇರುತ್ತದೆ, ಓದಿಕೊಳ್ಳಿ. ಕ್ಯೂ ತೆರೆಯುವ ಮೊದಲು ‘ಕ್ಯಾನ್ಸಲ್ -ಎ’ ಜೊತೆ ಪ್ರಿಂಟರ್ ಹೆಸರು ಕೊಟ್ಟು ಹಳೆಯದನ್ನೆಲ್ಲ ಅಳಿಸಿ. ಇಲ್ಲದಿದ್ದರೆ, ಬರಲಿಲ್ಲವಲ್ಲ ಅಂತ ಮತ್ತೆ ಮತ್ತೆ ಒತ್ತಿದ್ದ ಅದೇ ಅರ್ಜಿ ಅಷ್ಟೂ ಪ್ರತಿ ಒಟ್ಟಿಗೆ ಬಂದು ಟ್ರೇ ಖಾಲಿಯಾಗುತ್ತದೆ. ಆಮೇಲೆ ಪ್ರಿಂಟರ್ ಹೆಸರಿನ ಜೊತೆ ‘ಕಪ್ಸ್‌ಎನೇಬಲ್’ ಕೊಡಿ (ಕಪ್ಸ್ ಅಂದರೆ ಲಿನಕ್ಸ್‌ನ ಪ್ರಿಂಟ್ ವ್ಯವಸ್ಥೆ). ‘ನಾಟ್ ಆಕ್ಸೆಪ್ಟಿಂಗ್’ ಅಂತಿದ್ದರೆ ‘ಕಪ್ಸ್‌ಆಕ್ಸೆಪ್ಟ್’ ಕೂಡ ಬೇಕು. ಪದೇಪದೇ ಹೀಗಾಗುತ್ತಿದ್ದರೆ ಎರರ್ ಪಾಲಿಸಿಯನ್ನು (ಪ್ರಿಂಟ್ ಕೆಟ್ಟಾಗ ಕ್ಯೂ ಏನು ಮಾಡಬೇಕು ಅನ್ನುವ ಸೆಟ್ಟಿಂಗ್) ‘ಸ್ಟಾಪ್-ಪ್ರಿಂಟರ್’ನಿಂದ ‘ರೀಟ್ರೈ-ಜಾಬ್’ಗೆ ಬದಲಿಸಿ.

ಮೈಸೂರು, ಮಂಡ್ಯ ಕಡೆ ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಪ್ರಿಂಟ್ ನಿಂತಿದ್ದರೆ ಮೊದಲ ಅನುಮಾನ ಐಪಿ ವಿಳಾಸದ ಮೇಲಿರಲಿ. ಕರೆಂಟ್ ಬಂದಾಗ ರೂಟರ್ ಏಳುವುದಕ್ಕೆ ಒಂದೆರಡು ನಿಮಿಷ ಬೇಕು. ಪ್ರಿಂಟ್ ಸರ್ವರ್ ಡಬ್ಬಿ ಅದಕ್ಕಿಂತ ಬೇಗ ಎದ್ದು ಡಿಎಚ್‌ಸಿಪಿ (ರೂಟರ್ ವಿಳಾಸ ಹಂಚುವ ವ್ಯವಸ್ಥೆ) ಮೂಲಕ ವಿಳಾಸ ಕೇಳುತ್ತದೆ. ಉತ್ತರ ಸಿಗದೆ 169.254ರಿಂದ ಶುರುವಾಗುವ ವಿಳಾಸವನ್ನೋ ಫ್ಯಾಕ್ಟರಿ ವಿಳಾಸವನ್ನೋ ಹಾಕಿಕೊಂಡು ಕೂರುತ್ತದೆ. ಕೆಲವೊಮ್ಮೆ ಹಳೇ ವಿಳಾಸ ಯಾರದೋ ಮೊಬೈಲಿಗೆ ಹೋಗಿರುತ್ತದೆ. ಆಗ ಪಿಂಗ್ ಮಾಡಿದರೆ ಉತ್ತರವೂ ಬರಬಹುದು, ನಂಬಬೇಡಿ. ‘ಐಪಿ ನೇಬರ್’ ಕಮಾಂಡ್ ತೋರಿಸುವ ಮ್ಯಾಕ್ ವಿಳಾಸವನ್ನು (ಪ್ರತಿ ಯಂತ್ರಕ್ಕೂ ತಯಾರಕರು ಕೊಟ್ಟ ಗುರುತು) ಡಬ್ಬಿಯ ತಳದ ಸ್ಟಿಕ್ಕರ್ ಜೊತೆ ಹೋಲಿಸಿ.

ಪರೀಕ್ಷೆಗೆ ‘ಎನ್‌ಸಿ -ಝಡ್‌ವಿ 192.168.1.50 9100’ ಕೊಡಿ (ವಿಳಾಸ ನಿಮ್ಮದು; 9100 ಅನ್ನುವುದು ಡಬ್ಬಿ ಪ್ರಿಂಟ್ ತೆಗೆದುಕೊಳ್ಳುವ ಪೋರ್ಟ್, ಅಂದರೆ ಬಾಗಿಲಿನ ನಂಬರ್). ‘ರೆಫ್ಯೂಸ್ಡ್’ ಅಂದರೆ ಆ ವಿಳಾಸದಲ್ಲಿ ಯಾವುದೋ ಯಂತ್ರ ಜೀವಂತವಿದೆ, ಆ ಪೋರ್ಟ್ ಮಾತ್ರ ತೆರೆದಿಲ್ಲ. ಡಬ್ಬಿಯೇ ಹೌದಾದರೆ ಪಕ್ಕದ ಸಿಸ್ಟಮ್ ಪ್ರಿಂಟ್ ಕೊಡುತ್ತಿದೆಯಾ ನೋಡಿ. ಹಲವು ಸಣ್ಣ ಡಬ್ಬಿಗಳು ಒಂದು ಸಲಕ್ಕೆ ಒಂದೇ ಕನೆಕ್ಷನ್ ತೆಗೆದುಕೊಳ್ಳುತ್ತವೆ. ‘ಟೈಮ್ಡ್ ಔಟ್’ ಅಥವಾ ‘ನೋ ರೂಟ್’ ಅಂದರೆ ಆ ವಿಳಾಸದಲ್ಲಿ ಬಹುಶಃ ಯಾರೂ ಇಲ್ಲ. ರೂಟರ್‌ನಲ್ಲಿ ಆ ಮ್ಯಾಕ್‌ಗೆ ವಿಳಾಸ ಕಾದಿರಿಸಿ, ಕ್ಯೂನ ಗುರಿಯನ್ನು ‘ಸಾಕೆಟ್://192.168.1.50:9100’ ಮಾಡಿ. ವಿಳಾಸವನ್ನು ಡಬ್ಬಿಯಲ್ಲೇ ಕೈಯಾರೆ ಹಾಕುವುದಾದರೆ ರೂಟರ್ ಹಂಚುವ ವ್ಯಾಪ್ತಿಯಿಂದ ಹೊರಗಿನದು ಹಾಕಿ.

ಎಲ್‌ಪಿಡಿ ಅನ್ನುವ ಹಳೇ ಪ್ರಿಂಟ್ ವಿಧಾನ, ಅಂದರೆ 515ನೇ ಪೋರ್ಟ್, ಬಳಸುವವರಿಗೆ ಕ್ಯೂ ಹೆಸರಿನ ಕಾಟ. ಡಬ್ಬಿಯ ಒಳಗಿನ ಹೆಸರು ‘ಎಲ್‌ಪಿ1’, ‘ಎಲ್1’, ‘ಪಿ1’, ‘ರಾ’ ಹೀಗೆ ಏನಾದರೂ ಇರಬಹುದು, ಅದರ ವೆಬ್ ಪುಟದಲ್ಲೋ ಕೈಪಿಡಿಯಲ್ಲೋ ನೋಡಿ. ತಪ್ಪು ಹೆಸರು ಕೊಟ್ಟರೆ ಕೆಲವು ಡಬ್ಬಿಗಳು ಕೆಲಸವನ್ನು ಸದ್ದಿಲ್ಲದೆ ನುಂಗುತ್ತವೆ. ಲಿನಕ್ಸ್ ‘ಕಂಪ್ಲೀಟೆಡ್’ ಅನ್ನುತ್ತದೆ, ಕಾಗದ ಬರುವುದಿಲ್ಲ. ಎಚ್‌ಪಿಯ ಪ್ರಿಂಟ್ ಸರ್ವರ್ ಜೆಟ್‌ಡೈರೆಕ್ಟ್‌ನಲ್ಲಿ ‘ಟೆಕ್ಸ್ಟ್’ ಕ್ಯೂ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ (ಸಾಲಿನ ಆರಂಭಕ್ಕೆ ಮರಳು ಅನ್ನುವ ಸೂಚನೆ) ಸೇರಿಸುತ್ತದೆ, ‘ರಾ’ ಏನನ್ನೂ ಮುಟ್ಟುವುದಿಲ್ಲ. ಸಾಲುಗಳು ಮೆಟ್ಟಿಲಿನ ಹಾಗೆ ಬಲಕ್ಕೆ ಜಾರುತ್ತಾ ಹೋದರೆ ಕೊರತೆ ಆ ಕ್ಯಾರೇಜ್ ರಿಟರ್ನ್‌ದೇ. ಡ್ರೈವರ್ ಮೂಲಕ ಕಳಿಸುವವರು ಮಾತ್ರ ‘ರಾ’ನಲ್ಲೇ ಇರಿ, ‘ಟೆಕ್ಸ್ಟ್’ ಚಿತ್ರಗಳನ್ನು ಹಾಳುಮಾಡುತ್ತದೆ. ನಮ್ಮ ಸಲಹೆ: 9100 ಇದ್ದರೆ ಎಲ್‌ಪಿಡಿ ತಂಟೆಗೇ ಹೋಗಬೇಡಿ.

ಎಚ್‌ಪಿ ಲೇಸರ್‌ಜೆಟ್ 1020 ಇಟ್ಟುಕೊಂಡವರು ಇಲ್ಲಿ ಗಮನಿಸಿ. ಈ ಪ್ರಿಂಟರ್ ತನ್ನ ಫರ್ಮ್‌ವೇರ್ (ಅದನ್ನು ನಡೆಸುವ ಒಳಗಿನ ತಂತ್ರಾಂಶ) ಉಳಿಸಿಕೊಳ್ಳುವುದಿಲ್ಲ, ಆನ್ ಮಾಡಿದಾಗಲೆಲ್ಲ ಹೊರಗಿನಿಂದ ತುಂಬಬೇಕು. ಯುಎಸ್‌ಬಿಯಲ್ಲಿ ನೇರ ಸಿಕ್ಕಿಸಿದ್ದರೆ ಲಿನಕ್ಸ್ ಆ ಕೆಲಸ ತಾನೇ ಮಾಡುವ ಹಾಗೆ ಹೊಂದಿಸಬಹುದು. ಡಬ್ಬಿಗೆ ಅದು ಗೊತ್ತಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ಕ್ಯೂ, ಐಪಿ, ಪೋರ್ಟ್ ಎಲ್ಲ ಸರಿಯಿದ್ದೂ ಪ್ರಿಂಟರ್ ಸುಮ್ಮನಿರುವುದಕ್ಕೆ ಇದೇ ಕಾರಣ. ‘ಎಸ್‌ಐಎಚ್‌ಪಿ1020.ಡಿಎಲ್’ ಫೈಲನ್ನು ‘ಎನ್‌ಸಿ’ ಮೂಲಕ 9100ಕ್ಕೆ ಕಳಿಸಿ, ಪ್ರಿಂಟರ್ ಒಂದು ಸಲ ಗುರ್ ಅಂದು ಸಿದ್ಧವಾಗುವವರೆಗೆ ಕಾಯಿರಿ, ಆಮೇಲೆ ಪ್ರಿಂಟ್ ಕೊಡಿ. ಕೆನಾನ್ ಎಲ್‌ಬಿಪಿ 2900 ಥರದವು ಡ್ರೈವರ್ ಜೊತೆ ಎರಡೂ ಕಡೆ ಮಾತಾಡುವ ಪ್ರಿಂಟರ್‌ಗಳು. ಅವನ್ನು ಅಗ್ಗದ ಡಬ್ಬಿಗೆ ಸಿಕ್ಕಿಸಿ ಒದ್ದಾಡುವುದಕ್ಕಿಂತ ಒಂದು ಹಳೇ ಲಿನಕ್ಸ್ ಯಂತ್ರಕ್ಕೆ ಹಾಕಿ ಅಲ್ಲಿಂದ ಹಂಚಿಕೊಳ್ಳುವುದೇ ಮೇಲು.

ಕಿತ್ತಳೆ ದೀಪ ಮಿನುಗುತ್ತಾ ಪ್ರಿಂಟರ್ ಕಾಯುತ್ತಿದ್ದರೆ ಕಾಗದದ ಅಳತೆ ನೋಡಿ. ಟ್ರೇಯಲ್ಲಿ ಎ4 ಇದ್ದು ಕ್ಯೂ ‘ಲೆಟರ್’ ಕೇಳುತ್ತಿರಬಹುದು. ‘ಎಲ್‌ಪಿಅಡ್ಮಿನ್’ನಲ್ಲಿ ಅಳತೆಯನ್ನು ಎ4 ಮಾಡಿದರೆ ಮುಗಿಯಿತು.

ಪ್ರಿಂಟ್ ಬಂತು, ಆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಅಂದರೆ ಪ್ರಿಂಟರ್‌ದು ತಪ್ಪಲ್ಲ. ಮಾನಸಗಂಗೋತ್ರಿ ಸುತ್ತಿನ ಡಿಟಿಪಿ ಅಂಗಡಿಗೆ ಪ್ರಬಂಧ ಹಿಡಿದು ಬರುವವರ ಪಿಡಿಎಫ್‌ನಲ್ಲಿ ಹಳೇ ನುಡಿ ಫಾಂಟ್ ಸೇರಿಸದೆ ಬಿಟ್ಟಿದ್ದರೆ ಹೀಗಾಗುತ್ತದೆ. ‘ಪಿಡಿಎಫ್‌ಫಾಂಟ್ಸ್’ ಕೊಟ್ಟು ‘ಇಎಂಬಿ’ ಕಾಲಂ ನೋಡಿ. ‘ನೋ’ ಇದ್ದರೆ ಫಾಂಟ್ ಸೇರಿಸಿದ ಪಿಡಿಎಫ್ ತರಲು ಹೇಳಿ. ಯೂನಿಕೋಡ್ ಕನ್ನಡದ ಟೆಕ್ಸ್ಟ್ ಫೈಲನ್ನು ನೇರ ‘ಎಲ್‌ಪಿ’ಗೆ ಕೊಟ್ಟರೂ ಒತ್ತಕ್ಷರ ಒಡೆಯುತ್ತದೆ. ಲಿಬ್ರೆಆಫೀಸ್‌ನಲ್ಲಿ ತೆರೆದು ಪಿಡಿಎಫ್ ಮಾಡಿ ಕೊಡಿ.

ಇಷ್ಟಾದರೂ ಬಗೆಹರಿಯದಿದ್ದರೆ ‘ಕಪ್ಸ್‌ಸಿಟಿಎಲ್ --ಡಿಬಗ್-ಲಾಗಿಂಗ್’ ಹಾಕಿ, ಒಂದೇ ಒಂದು ಪುಟ ಕೊಟ್ಟು, ಕಪ್ಸ್‌ನ ಎರರ್ ಲಾಗ್‌ನಲ್ಲಿ ಆ ಜಾಬ್ ನಂಬರ್ ಹುಡುಕಿ. ನೋಡಿಯಾದ ಮೇಲೆ ‘--ನೋ-ಡಿಬಗ್-ಲಾಗಿಂಗ್’ ಕೊಡಲು ಮರೆಯಬೇಡಿ, ಲಾಗ್ ಬೆಳೆಯುತ್ತಲೇ ಹೋಗುತ್ತದೆ.