ಚಂದ್ರಂಪಳ್ಳಿ ಡ್ಯಾಮ್ ದಂಡೆಗೆ ಎರಡು ದಿನ: ತಯಾರಿ ಹೀಗಿರಲಿ

ಕಲಬುರಗಿಯಿಂದ ಚಿಂಚೋಳಿ ಸುಮಾರು 85 ಕಿ.ಮೀ. ಶನಿವಾರ ನಸುಕಿನಲ್ಲೇ ಗೆಳೆಯರ ಗುಂಪು ಹೊರಡಲಿ. ಪೆಟ್ರೋಲ್, ನಗದು ಎರಡನ್ನೂ ಚಿಂಚೋಳಿಯಲ್ಲೇ ನೋಡಿಕೊಳ್ಳಿ. ಡ್ಯಾಮ್ ಸುತ್ತಲಿನ ಚಿಂಚೋಳಿ ಕಾಡು 2011ರಿಂದ ವನ್ಯಜೀವಿಧಾಮ. ರಾತ್ರಿ ಉಳಿಯಲು ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ, ದಂಡೆಯಲ್ಲಿ ಒಲೆ ಹೂಡುವ ಆಸೆ ಬಿಡಿ.

ಬುತ್ತಿಗೆ ಖಡಕ್ ರೊಟ್ಟಿಯೇ ಸೈ: ದಿನಕ್ಕೆ ತಲಾ 6, ಜೊತೆಗೆ ಶೇಂಗಾ ಹಿಂಡಿ (ಚಟ್ನಿಪುಡಿ), ಉಳ್ಳಾಗಡ್ಡಿ. ಮೆತ್ತನೆ ರೊಟ್ಟಿಯನ್ನು ಬಿಸಿಬಿಸಿಯಾಗಿ ಡಬ್ಬಿಗೆ ತುಂಬಿದರೆ ಹಬೆಗೆ ಬೆವತು ಮರುದಿನ ಮುಗ್ಗಲು ವಾಸನೆ ಹೊಡೆಯುತ್ತದೆ. ಕುಡಿಯುವ ನೀರು ದಿನಕ್ಕೆ ತಲಾ 4 ಲೀಟರ್.

ಈಜು ಬೇಡವೇ ಬೇಡ. ನೀರು ಇಳಿದ ದಂಡೆ ಮೇಲೆ ಒಣಗಿ ಬಿರಿದಿದ್ದರೂ ಒಳಗೆ ಹಸಿ ಕೆಸರು; ಕಾಲಿಟ್ಟರೆ ಮೊಣಕಾಲುಮಟ ಹೂಳುತ್ತದೆ. ಬೈಕನ್ನೂ ಅಲ್ಲಿ ಇಳಿಸಬೇಡಿ.