ಪಾಣಿಪತ್‌ನ ಫೋನಿಗಾಗಿ ಹಿಂದಿ ಕಲಿತದ್ದು: ನನ್ನ ಅನುಭವ

ನಲವತ್ತೇಳರ ನಾಲಿಗೆ ಹಿಂದಿಗೆ ಬಗ್ಗುವುದಿಲ್ಲವೆಂದು ಅಂಗಡಿಯ ಪಾಲುದಾರರು ಎರಡು ವರ್ಷ ನಕ್ಕರು. ಕಳೆದ ತಿಂಗಳು ಪಾಣಿಪತ್‌ನ ಟವೆಲ್ ವ್ಯಾಪಾರಿಯೊಬ್ಬರು ಫೋನಿನಲ್ಲಿ ನನ್ನನ್ನು ಭೋಪಾಲದ ಕಡೆಯವರೇ ಎಂದು ಕೇಳಿದಾಗ ಸ್ಪೀಕರ್ ಹಾಕಿತ್ತು, ಪಾಲುದಾರರು ಎದುರಿಗೇ ಕುಳಿತಿದ್ದರು.

ಮೊದಲು ಸಂಜೆಯ ತರಗತಿಯೊಂದಕ್ಕೆ ಆರೇಳು ಸಾವಿರ ರೂಪಾಯಿ ಕಟ್ಟಿ, ಮೂರು ತಿಂಗಳು ಕ್ರಿಯಾಪದದ ಕೋಷ್ಟಕಗಳನ್ನು ಬರೆದು ಬಂದೆ. ಅನಂತರ ನಿತ್ಯದ ಮಾತುಗಳನ್ನು ನಾನೇ ಕನ್ನಡ ಲಿಪಿಯಲ್ಲಿ ಇಳಿಸಿಕೊಂಡದ್ದು ಇನ್ನೂ ಕೆಟ್ಟಿತು. ದೇವನಾಗರಿಯಲ್ಲಿ ಕಂಡಂತೆ ‘ಸಮಝನಾ’ ಎಂದು ಬರೆದರೆ ನಾವು ಪ್ರತಿ ಅಕಾರವನ್ನೂ ನಿಷ್ಠೆಯಿಂದ ಉಚ್ಚರಿಸುತ್ತೇವೆ. ಹಿಂದಿಯವರ ಬಾಯಲ್ಲಿ ಅದು ‘ಸಮಝ್‌ನಾ’. ‘ಹೈ’ ಎಂಬುದನ್ನು ನಾವು ಅ-ಇ ಕೂಡಿಸಿ ಎಳೆಯುತ್ತೇವೆ. ಅವರದು ಬಾಯಿ ತುಸು ಅಗಲಿಸಿ ಹೇಳುವ, ‘ಹೆ’ಗೆ ಹತ್ತಿರದ ಒಂದೇ ಸ್ವರ.

ದುಡ್ಡು ಹೋದದ್ದು ಮಾತ್ರ ಸಂಖ್ಯೆಯಲ್ಲಿ. ಪಾಣಿಪತ್‌ನವರು ಟವೆಲ್ ಒಂದಕ್ಕೆ ‘ಉನಹತ್ತರ್’ ಎಂದರು. ‘ಉನ’ ಬಂದರೆ ಕೊನೆಯಲ್ಲಿ ಒಂಬತ್ತು ಎಂದಷ್ಟೇ ನೆನಪಿಟ್ಟಿದ್ದ ನಾನು 59 ಎಂದು ಬರೆದುಕೊಂಡು, ವಸತಿಗೃಹವೊಂದಕ್ಕೆ 64ರಂತೆ ಮುನ್ನೂರು ಟವೆಲ್ ಒಪ್ಪಿಕೊಂಡೆ. ಬಿಲ್ಲು 69ರ ದರದಲ್ಲಿ ಬಂತು. ಸಾಗಣೆ ಬಿಟ್ಟು ಒಂದೂವರೆ ಸಾವಿರ ಕೈಬಿಟ್ಟಿತು. ನಮ್ಮಲ್ಲಿ ಐವತ್ತು ಹೇಳಿ ಒಂಬತ್ತು ಸೇರಿಸಿದರೆ, ಅವರಲ್ಲಿ ಅರವತ್ತಕ್ಕೆ ಒಂದು ಕಡಿಮೆ ಎಂಬ ಲೆಕ್ಕದಲ್ಲಿ 59 ‘ಉನ್‌ಸಠ್’ ಆಗುತ್ತದೆ. ‘ಪೌನೇ ದೋ ಸೌ’ ಎಂದರೆ 175 ಎಂಬುದು ತಿಳಿಯಲು ಇನ್ನೂ ಆರು ವಾರ ಹಿಡಿಯಿತು.

ಕಡೆಗೆ ಕೈಹಿಡಿದದ್ದು ಮೊಬೈಲಿನಲ್ಲಿ ಮಾತನ್ನು ಅಕ್ಷರವಾಗಿಸುವ ಸೌಲಭ್ಯ. ಇದರಲ್ಲೂ ಒಂದು ತಿಂಗಳು ಮೋಸಹೋದೆ: ‘ಕಾನಾ ಕಾಯಾ’ ಎಂದು ಅಲ್ಪಪ್ರಾಣದಲ್ಲಿ ಹೇಳಿದರೂ ಅದು ಸಂದರ್ಭ ಊಹಿಸಿ ‘ಖಾನಾ ಖಾಯಾ’ ಎಂದೇ ಬರೆಯುತ್ತಿತ್ತು, ನಾನು ಹಿಗ್ಗುತ್ತಿದ್ದೆ. ಆಮೇಲೆ ವಾಕ್ಯವನ್ನು ಬಿಟ್ಟು, ಎರಡೂ ಬಳಕೆಯಲ್ಲಿರುವ ಜೋಡಿಪದಗಳನ್ನು ಹಿಡಿದೆ: ಪಲ್-ಫಲ್, ಬಾಪ್-ಭಾಪ್, ದಾನ್-ಧಾನ್. ಹತ್ತು ಸಲ ಹೇಳಿ ಎಂಟು ಸಲ ಸರಿಯಾಗಿ ಅಚ್ಚಾದರೆ ಮಾತ್ರ ಮುಂದಿನ ಜೋಡಿ. ದಿನಕ್ಕೆ ಇಪ್ಪತ್ತು ನಿಮಿಷ, ಸುಮಾರು ನಾಲ್ಕು ತಿಂಗಳು, ಖರ್ಚು ಸೊನ್ನೆ. ಜೋಡಿಗಳನ್ನು ಯಾವ ಕ್ರಮದಲ್ಲಿ ಏರಿಸಿದೆನೆಂಬುದನ್ನು ಇಲ್ಲಿ ಬಿಚ್ಚಿಡುವುದಿಲ್ಲ; ಪಾಲುದಾರರಿಗೂ ಹೇಳಿಲ್ಲ.

ನಡುವೆ ತುಟಿಯ ಮುಂದೆ ತೆಳು ಕಾಗದ ಹಿಡಿದು ಉಸಿರನ್ನು ಅಳೆಯುವ ಪ್ರಯೋಗವನ್ನೂ ಮಾಡಿದೆ. ‘ಫ’ಗೆ ಕಾಗದ ಚೆನ್ನಾಗಿ ಹಾರಿತು, ‘ಘ’, ‘ಧ’ಗಳ ವಿಷಯದಲ್ಲಿ ಅದು ಸಾಕ್ಷಿ ಹೇಳಲಿಲ್ಲ, ಬಿಟ್ಟೆ. ಲಿಂಗದ ಗೋಜಿಗೆ ನಿಯಮ ಹುಡುಕದೆ, ಪ್ರತಿ ನಾಮಪದಕ್ಕೂ ವಿಶೇಷಣವೊಂದನ್ನು ಅಂಟಿಸಿ ‘ಠಂಡಾ ಪಾನೀ’, ‘ಠಂಡೀ ಚಾಯ್’ ಎಂದು ಜೊತೆಯಾಗಿಯೇ ಬಾಯಿಪಾಠ ಮಾಡಿದೆ.

ಅವಸರದಲ್ಲಿ ‘ಹೈ’ ಈಗಲೂ ಹಳೆಯ ಜಾಡಿಗೆ ಜಾರುತ್ತದೆ. ದರದ ಮಾತು ಬಂದಾಗಲಂತೂ ಭೋಪಾಲದ ಬಿಂಕವನ್ನು ಬದಿಗಿಟ್ಟು, ‘ಛಹ್, ನೌ?’ (ಆರು, ಒಂಬತ್ತು?) ಎಂದು ಅಂಕಿ ಅಂಕಿಯಾಗಿ ಮರಳಿ ಕೇಳಿಯೇ ಬರೆದುಕೊಳ್ಳುತ್ತೇನೆ.